ಗ್ರಾಫ್ ಚೆನ್ನಾಗಿದೆ, ಕಾಲ್ ಮಾತ್ರ ಒಡೆಯುತ್ತಿದೆ

14 ಮೇ 2025, ಬುಧವಾರ, ಕಲಬುರಗಿ

ಜೇವರ್ಗಿ ರಸ್ತೆ ಕಡೆಯ ಒಂದು ಆಫೀಸಿನವರು ಇವತ್ತು ಕರೆದಿದ್ದರು. ಮೇಲಿನ ಮಹಡಿಯಲ್ಲಿ ವಿಡಿಯೋ ಕಾಲ್ ನಡುನಡುವೆ ಒಡೆಯುತ್ತದೆ, ಅರ್ಧ ಮಾತು ಕೇಳಿಸುವುದೇ ಇಲ್ಲ. ಕೆಳಗಿನವರಿಗೆ ಏನೂ ತೊಂದರೆ ಇಲ್ಲ. ಇಂಟರ್ನೆಟ್ ಲೈನ್ ಕೊಟ್ಟವರು ದೊಡ್ಡ ಪ್ಲಾನ್ ತಗೊಳ್ಳಿ ಅಂದಿದ್ದಾರಂತೆ. ರ್‍ಯಾಕ್ ನೋಡಿಕೊಳ್ಳುವ ಹುಡುಗನ ಅನುಮಾನ ಬೇರೆ: "ಸರ್, ಈ ಬಿಸಿಲಿಗೆ ಸ್ವಿಚ್ಚೇ ಕಾದದ ರೀ." ಮೇ ತಿಂಗಳಲ್ಲಿ ನಮ್ಮೂರಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಮೊದಲು ಸ್ವಿಚ್‌ನ (ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ಕೇಬಲ್ಲಿನಿಂದ ಜೋಡಿಸುವ ಪೆಟ್ಟಿಗೆ) ಟೆಂಪರೇಚರ್ ನೋಡಿದೆ. ಮಿತಿಯೊಳಗೇ ಇತ್ತು.

ಆಮೇಲೆ ಪೋರ್ಟ್ ಕೌಂಟರ್, ಅಂದರೆ ಕೇಬಲ್ ಚುಚ್ಚುವ ಪ್ರತಿ ಕಿಂಡಿಗೂ ಸ್ವಿಚ್ ಇಡುವ ಲೆಕ್ಕ. ಬಹಳ ಜನ ಎರರ್, ಡ್ರಾಪ್ ಎರಡೂ ಒಂದೇ ಅಂದುಕೊಂಡು ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ. ಸಿಆರ್‌ಸಿ ಎರರ್ ಏರುತ್ತಿದ್ದರೆ ಫ್ರೇಮ್, ಅಂದರೆ ಡೇಟಾದ ತುಂಡು, ಕೆಟ್ಟು ಬಂದಿದೆ ಅಂತ ಅರ್ಥ, ಆಗ ಕೇಬಲ್, ಕನೆಕ್ಟರ್, ಆಚೆ ತುದಿಯ ಪೋರ್ಟ್, ಎರಡೂ ಕಡೆಯ ಡ್ಯುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವುದೋ, ಸರದಿಯಲ್ಲೋ ಅನ್ನುವ) ಸೆಟ್ಟಿಂಗ್ ನೋಡಬೇಕು. ಔಟ್‌ಪುಟ್ ಡ್ರಾಪ್ ಹಾಗಲ್ಲ. ಫ್ರೇಮ್ ಸರಿಯಾಗೇ ಬಂದಿರುತ್ತದೆ, ಹೊರಗೆ ಹೋಗುವ ಪೋರ್ಟ್‌ನ ಕ್ಯೂ ತುಂಬಿದ್ದರಿಂದ ಸ್ವಿಚ್ಚೇ ಬಿಸಾಡಿರುತ್ತದೆ. ಕೇಬಲ್ ಎಷ್ಟು ಸಲ ಬದಲಾಯಿಸಿದರೂ ಅದು ನಿಲ್ಲಲ್ಲ.

ಸ್ಕ್ರೀನ್ ಮೇಲಿನ ದೊಡ್ಡ ಸಂಖ್ಯೆ ನೋಡಿ ಹೆದರಲೂಬಾರದು. ಅದು ಸ್ವಿಚ್ ಆನ್ ಆದಾಗಿನಿಂದಲೋ ಕೊನೇ ಸಲ ಕ್ಲಿಯರ್ ಮಾಡಿದಾಗಿನಿಂದಲೋ ಕೂಡಿದ ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಾಗ ಎಷ್ಟು ಏರಿದೆ ಅನ್ನುವುದೇ ಮುಖ್ಯ.

ಮೇಲಿನ ಮಹಡಿಗೆ ಹೋಗುವ ಮುಖ್ಯ ಲೈನ್, ಅಂದರೆ ಅಪ್‌ಲಿಂಕ್‌ನಲ್ಲಿ ಎರರ್ ಸೊನ್ನೆ, ಔಟ್‌ಪುಟ್ ಡ್ರಾಪ್ ಮಾತ್ರ ಸುಮಾರು ಹೊತ್ತು ಸುಮ್ಮನಿದ್ದು ಒಮ್ಮೆಲೇ ಜಿಗಿಯುತ್ತಿತ್ತು. ಲಿಂಕ್ ಎಷ್ಟು ತುಂಬಿದೆ ಅಂತ ತೋರಿಸುವ ಗ್ರಾಫ್ ನೋಡಿದರೆ ಖಾಲಿ! ಯಾಕಂದರೆ ಆ ಗ್ರಾಫ್ 5 ನಿಮಿಷದ ಸರಾಸರಿ. ಲಿಂಕ್ 2 ಸೆಕೆಂಡ್ ಪೂರ್ತಿ ತುಂಬಿದರೂ 300 ಸೆಕೆಂಡಿನ ಲೆಕ್ಕದಲ್ಲಿ ಒಂದು ಪರ್ಸೆಂಟ್ ಕೂಡ ಆಗಲ್ಲ. ಎಸ್‌ಎನ್‌ಎಂಪಿಯಲ್ಲಿ (ಸ್ವಿಚ್‌ನ ಲೆಕ್ಕ ದೂರದಿಂದ ಓದುವ ವಿಧಾನ) ಇಫ್‌ಔಟ್‌ಡಿಸ್ಕಾರ್ಡ್ಸ್ ಅನ್ನುವ, ಬಿಸಾಡಿದ್ದನ್ನು ಎಣಿಸುವ ಕೌಂಟರನ್ನೂ ಗ್ರಾಫ್‌ಗೆ ಸೇರಿಸಿ, ಪೋಲಿಂಗ್, ಅಂದರೆ ಲೆಕ್ಕ ಕೇಳಿ ತರುವ ಅಂತರ, 30 ಸೆಕೆಂಡಿಗೆ ಇಳಿಸಿದೆ. ಜಿಗಿತ ಪ್ರತಿ ಕಾಲು ಗಂಟೆಗೊಮ್ಮೆ ಬರುತ್ತಿರುವುದು ಸ್ಪಷ್ಟವಾಗಿ ಕಂಡಿತು.

ಕಾಲು ಗಂಟೆಗೊಮ್ಮೆ ಏನು ನಡೆಯುತ್ತದೆ ಅಂತ ಕೇಳಿದರೆ, ಸ್ಕ್ಯಾನ್ ಮಾಡಿದ ಫೈಲ್‌ಗಳು ಕೆಳಗಿನ ಸರ್ವರ್‌ನಿಂದ ಮೇಲಿನ ಸ್ಟೋರೇಜ್‌ಗೆ ಸಿಂಕ್ ಆಗುತ್ತವಂತೆ. ಸರ್ವರ್ ಇರುವುದು 10 ಗಿಗಾಬಿಟ್ ಪೋರ್ಟ್‌ನಲ್ಲಿ, ಅಪ್‌ಲಿಂಕ್ 1 ಗಿಗಾಬಿಟ್. ಪೂರ್ತಿ ವೇಗದಲ್ಲಿ 10 ಮಿಲಿಸೆಕೆಂಡ್ ಕಳಿಸಿದರೆ ಸುಮಾರು 12.5 ಎಂಬಿ ಬಂದು ಬೀಳುತ್ತದೆ, ಅಷ್ಟರಲ್ಲಿ ಹೊರಗೆ ಹೋಗುವುದು 1.25 ಎಂಬಿ. ಇಂಥ ಸ್ವಿಚ್‌ನ ಬಫರ್ (ಕಾಯುವ ಡೇಟಾ ಇಡುವ ಜಾಗ) ಕೆಲವೇ ಎಂಬಿ, ಅದನ್ನೂ ಎಲ್ಲ ಪೋರ್ಟ್‌ಗಳು ಹಂಚಿಕೊಳ್ಳಬೇಕು. ಫೈಲ್ ಕಾಪಿಗೆ ಇದು ಗೊತ್ತೇ ಆಗಲ್ಲ, ಕಳೆದದ್ದನ್ನು ಟಿಸಿಪಿ ಅನ್ನುವ ಕಳಿಸುವ ವಿಧಾನ ಮತ್ತೆ ಕಳಿಸುತ್ತದೆ. ವಿಡಿಯೋ ಕಾಲ್ ಸಾಮಾನ್ಯವಾಗಿ ಯುಡಿಪಿ ಮೇಲೆ ಹೋಗುತ್ತದೆ, ಅದು ತಾನಾಗಿ ಮತ್ತೆ ಕಳಿಸಲ್ಲ; ಕಳಿಸಿದರೂ ಕಳೆದ ಮಾತು ತಿರುಗಿ ಬರುವಷ್ಟರಲ್ಲಿ ಅದರ ಹೊತ್ತು ಮುಗಿದಿರುತ್ತದೆ ಅಲ್ವಾ.

ಸಿಂಕ್‌ಗೆ ವೇಗದ ಮಿತಿ ಹಾಕಿಸಿದೆ, ಕಾಲ್ ಟ್ರಾಫಿಕ್ಕನ್ನು ಮೊದಲು ಬಿಡುವ ಪ್ರಯಾರಿಟಿ ಕ್ಯೂಗೆ ಹಾಕಿದೆ. ಜಿಗಿತ ನಿಂತಿತು. ಇನ್ನೊಂದು 1 ಗಿಗಾಬಿಟ್ ಲಿಂಕ್ ಜೋಡಿಸಿ ಎಲ್‌ಎಸಿಪಿ (ಎರಡು ಲಿಂಕ್ ಸೇರಿಸಿ ಒಂದರಂತೆ ಬಳಸುವುದು) ಮಾಡೋಣ ಅಂತ ಅವರು ಕೇಳಿದರು. ಬೇಡ ಅಂದೆ, ಒಂದೇ ಕಾಪಿ ಒಂದೇ ಲಿಂಕ್ ಹಿಡಿದು ಹೋಗುತ್ತದೆ, ಜಾಸ್ತಿ ಉಪಯೋಗ ಇಲ್ಲ. ಮುಂದೆ ಫೈಲ್‌ಗಳು ಹೆಚ್ಚಾದರೆ ಅಪ್‌ಲಿಂಕನ್ನೇ 10 ಗಿಗಾಬಿಟ್ ಮಾಡಬೇಕು. ತೊಂದರೆ ಆಫೀಸಿನೊಳಗಿನ ಲೈನಿನದು, ದೊಡ್ಡ ಇಂಟರ್ನೆಟ್ ಪ್ಲಾನ್‌ಗೆ ದುಡ್ಡು ಹಾಕಬೇಡಿ ಅಂತ ಒತ್ತಿ ಹೇಳಿ ಬಂದೆ.

ಬಿಲ್ಲಿಂಗ್ ಟೇಬಲ್ಲಿನ ಪೋರ್ಟ್‌ನಲ್ಲಿ ಮಾತ್ರ ಸಿಆರ್‌ಸಿ ನಿಧಾನಕ್ಕೆ ಏರುತ್ತಿದೆ. ಅದು ಕೇಬಲ್ಲಿನದೇ ಇರಬೇಕು, ನಾಳೆ ಬೆಳಿಗ್ಗೆ ಬಿಲ್ಲಿಂಗ್ ಶುರುವಾಗುವ ಮುಂಚೆ ಹೋಗಿ ನೋಡಬೇಕು.