ಬೋರ್ಡ್ ಹತ್ತಿರ ನಿಂತವಳು

2026 ಜನವರಿ 20, ಮಂಗಳವಾರ

ಬೆಳಗ್ಗೆ ಬ್ಯಾಚಿಗೆ ಪಿಎಸ್‌ಎಸ್‌ಆರ್ (ವೈಯಕ್ತಿಕ ಸುರಕ್ಷತೆ, ಸಾಮಾಜಿಕ ಜವಾಬ್ದಾರಿ) ಕ್ಲಾಸು ತಗೊಂಡೆ. ಹಡಗು ಹತ್ತುವ ಮುಂಚೆ ಎಲ್ಲರೂ ಮುಗಿಸಲೇಬೇಕಾದ ಸುರಕ್ಷತಾ ಕೋರ್ಸ್‌ಗಳಲ್ಲಿ ಇದೂ ಒಂದು. ನಾವಿಕರ ತರಬೇತಿ, ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಎಸ್‌ಟಿಸಿಡಬ್ಲ್ಯೂ ಸಂಹಿತೆಗೆ 2024ರಲ್ಲಿ ತಂದ ತಿದ್ದುಪಡಿ ಈ ತಿಂಗಳ 1ರಿಂದ ಜಾರಿಗೆ ಬಂದಿದೆ. ಹಡಗಿನಲ್ಲಿ ಹಿಂಸೆ, ಲೈಂಗಿಕ ಕಿರುಕುಳ ತಡೆಯೋದು ಹೇಗೆ, ನಡೆದರೆ ಏನು ಮಾಡಬೇಕು ಅನ್ನೋದನ್ನೂ ಈಗ ಕಲಿಸಬೇಕು.

ಆ ಸ್ಲೈಡ್ ಬಂದದ್ದೇ ತಡ, ಹುಡುಗರೆಲ್ಲ ಮೂರನೇ ಬೆಂಚಿನ ಕಡೆ ತಿರುಗಿದರು. ಬ್ಯಾಚಿಗೆ ಇರುವ ಒಬ್ಬಳೇ ಹುಡುಗಿ ಅಲ್ಲಿ ಕೂತಿದ್ದಳು. ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಹೊಸ ಕೆಡೆಟ್ ಅಂತ ನನ್ನನ್ನೂ ಹಿಂದೆ ಗೋಳು ಹೊಯ್ದುಕೊಂಡಿದ್ದರು, ಇದು ನಿಮಗೂ ಸೇರಿದ ಪಾಠ ಅಂದೆ. ಇಬ್ಬರು ಮೂವರು ಮುಸಿಮುಸಿ ನಕ್ಕರು.

ಹಡಗು ಉದ್ಯಮದ ಸಂಘಟನೆಗಳಾದ ಬಿಮ್ಕೊ, ಐಸಿಎಸ್ ಸೇರಿ ತಂದ 2021ರ ವರದಿಯ ಲೆಕ್ಕ ಹೇಳಿದೆ. ಎಸ್‌ಟಿಸಿಡಬ್ಲ್ಯೂ ಪ್ರಮಾಣಪತ್ರ ಇರುವ ನಾವಿಕರಲ್ಲಿ ಹೆಂಗಸರು 24,059, ಅಂದರೆ ಶೇ. 1.28. "ಅವರಿಗೆ ಈ ಕೆಲಸ ಇಷ್ಟ ಇರಲ್ಲ ಸರ್" ಅಂದ ಒಬ್ಬ. ಅವನಿಗೆ ಚೆನ್ನಾಗಿಯೇ ಉತ್ತರ ಕೊಟ್ಟೆ. ನನಗೇ ಖುಷಿಯಾಯಿತು. ಸ್ವಲ್ಪ ಜಾಸ್ತಿನೇ.

ಮಧ್ಯಾಹ್ನ ಫೈರ್ ಡ್ರಿಲ್. ಹೊಗೆ ತುಂಬಿದ ಕೋಣೆಗೆ ಬಿಎ ಸೆಟ್ (ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಸಾಧನ) ಹಾಕಿಕೊಂಡು ಇಬ್ಬಿಬ್ಬರೇ ಹೋಗಬೇಕು. ಹೊರಗಿನ ಬೋರ್ಡಿನಲ್ಲಿ ಯಾರು ಎಷ್ಟು ಹೊತ್ತಿಗೆ ಒಳಹೋದರು, ಸಿಲಿಂಡರಿನ ಒತ್ತಡ ಎಷ್ಟಿತ್ತು ಅಂತ ಒಬ್ಬರು ಬರೆಯುತ್ತಿರಬೇಕು. ಮುಗಿದ ಮೇಲೆ ಅವಳು ಮಾರ್ಕರ್ ವಾಪಸ್ ಕೊಡುತ್ತಾ ಕೇಳಿದಳು: "ಸರ್, ನಾಳೆ ಬೋರ್ಡಿಗೆ ಬೇರೆಯವರನ್ನ ನಿಲ್ಲಿಸ್ತೀರಾ?"

ಸಂಜೆ ಡ್ರಿಲ್ ಶೀಟುಗಳನ್ನು ತೆಗೆದು ನೋಡಿದೆ. ಐದು ಡ್ರಿಲ್. ಮೌಲ್ಯಮಾಪನದ ದಿನ ಒಳಗೆ ಹೋಗಿದ್ದಾಳೆ, ಚೆನ್ನಾಗಿಯೇ ಮಾಡಿದ್ದಾಳೆ. ಉಳಿದ ನಾಲ್ಕರಲ್ಲೂ ಬೋರ್ಡ್. ನೀರಿನ ಹೋಸ್ ಹಿಡಿಯೋರು, ಟೀಮ್ ಲೀಡರ್ ಎಲ್ಲ ಹುಡುಗರೇ. ಹೆಸರು ಬರೆದದ್ದು ನಾನೇ, ಅಕ್ಷರವೂ ನನ್ನದೇ. ಅವಳ ಬರವಣಿಗೆ ಚೆಂದ ಅಂತ ಹಾಕಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ಮಾರ್ಕರಿನಲ್ಲಿ ನಾಲ್ಕು ಅಂಕಿ ಬರೆಯೋಕೆ ಎಂಥ ಚೆಂದದ ಬರವಣಿಗೆ ಬೇಕು, ಅಲ್ವಾ?

ಸ್ಟೋರ್ ರೂಮಿಗೂ ಹೋಗಿ ಬಂದೆ. ಅಲ್ಲಿರುವ ಫೈರ್ ಗ್ಲೌಸ್ ಎಲ್ಲ ದೊಡ್ಡ ಸೈಜು. ಮೌಲ್ಯಮಾಪನದ ದಿನ ಅವಳು ಅದನ್ನೇ ಹಾಕಿಕೊಂಡು ಹೋಸ್ ಹಿಡಿದಿರಬೇಕು. ಚಿಕ್ಕ ಸೈಜಿಗೆ ಚೀಟಿ ಬರೆದಿಟ್ಟಿದ್ದೇನೆ. ನಾಳೆ ಟೀಮ್ ಲೀಡರ್ ಅವಳು. ಬೋರ್ಡಿಗೆ, ಬೆಳಗ್ಗೆ ಇಷ್ಟ ಇರಲ್ಲ ಅಂದ ಆ ಹುಡುಗ.