ಅಮ್ಮನ ಜೊತೆ ಗ್ರೆಮ್ಲಿನ್ಸ್

ಕಳೆದ ಡಿಸೆಂಬರ್ ರಜೆಯಲ್ಲಿ ಮಗಳಿಗೆ 'ಗ್ರೆಮ್ಲಿನ್ಸ್' ಹಾಕಿಕೊಟ್ಟೆ. ಜೋ ಡಾಂಟೆ ನಿರ್ದೇಶಿಸಿದ 1984ರ ಸಿನಿಮಾ. ನಾನು ಚಿಕ್ಕವನಿದ್ದಾಗ ಮಾವನ ಮನೆಯ ವಿಸಿಆರ್‌ನಲ್ಲಿ, ಬಾಡಿಗೆ ಕ್ಯಾಸೆಟ್ ತಂದು ನೋಡಿದ್ದೆ. ಅರ್ಧ ಸಿನಿಮಾ ದಿಂಬಿನ ಹಿಂದೆಯೇ ಕಳೆದಿತ್ತು. ಅದಕ್ಕೇ ಇರಬೇಕು, ನೆನಪಲ್ಲಿ ಉಳಿದಿದ್ದು ಗಿಜ್ಮೋ ಎಂಬ ಪುಟ್ಟ ಪ್ರಾಣಿ ಮಾತ್ರ. ಅಗಲ ಕಿವಿ, ಮುದ್ದು ಮುಖ. ಮಕ್ಕಳ ಸಿನಿಮಾ ಅಲ್ವಾ ಅಂತ ಧೈರ್ಯವಾಗಿ ಕೂತೆ.

ಅಪ್ಪನೊಬ್ಬ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ 'ಮೊಗ್ವಾಯ್' ಎಂಬ ಪ್ರಾಣಿ ತರುತ್ತಾನೆ. ಅದೇ ಗಿಜ್ಮೋ. ಕ್ಯಾಂಟನೀಸ್ ಭಾಷೆಯಲ್ಲಿ ಮೊಗ್ವಾಯ್ ಅಂದರೆ ದೆವ್ವ. ಜೋರು ಬೆಳಕು ಬೀಳಬಾರದು, ನೀರು ಸೋಕಬಾರದು, ಮಧ್ಯರಾತ್ರಿ ಆದಮೇಲೆ ತಿನ್ನೋಕೆ ಕೊಡಬಾರದು. ಮೂರೇ ನಿಯಮ. ಮೂರೂ ಮುರಿಯುತ್ತವೆ. ನೀರು ಸೋಕಿ ಹುಟ್ಟಿದ ಹೊಸ ಮೊಗ್ವಾಯ್‌ಗಳು ಮಧ್ಯರಾತ್ರಿ ಮೇಲೆ ತಿಂದು ಗ್ರೆಮ್ಲಿನ್ ಎಂಬ ರಾಕ್ಷಸರಾಗುತ್ತವೆ.

ಅಮ್ಮ ಪಕ್ಕದಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಸಿನಿಮಾ ಕಡೆ ಗಮನವೇ ಇರಲಿಲ್ಲ. ಅಡುಗೆಮನೆ ದೃಶ್ಯ ಬಂತು ನೋಡಿ, ಕೈ ನಿಂತಿತು. ಆ ಮನೆಯ ತಾಯಿ ಒಬ್ಬಳೇ ಇದ್ದಾಳೆ. ಒಂದು ಗ್ರೆಮ್ಲಿನ್ ಮಿಕ್ಸಿಯೊಳಗೆ ತಲೆ ಹಾಕಿ ಹಿಟ್ಟು ನೆಕ್ಕುತ್ತಿದೆ. ಅವಳು ಸ್ವಿಚ್ ಒತ್ತುತ್ತಾಳೆ. ಇನ್ನೊಂದಕ್ಕೆ ಚಾಕು. ಮೂರನೆಯದಕ್ಕೆ ಕೀಟನಾಶಕ ಸಿಂಪಡಿಸಿ, ಮೈಕ್ರೋವೇವ್‌ಗೆ ತಳ್ಳಿ ಬಾಗಿಲು ಹಾಕುತ್ತಾಳೆ. ಅದು ಢಮ್ ಅಂದಾಗ ಅಮ್ಮನ ಬೆರಳ ಸಂದಿಯಿಂದ ಅವರೆಬೇಳೆಯೊಂದು ಪುಳಕ್ಕನೆ ಹಾರಿ ಟಿವಿ ಕೆಳಗೆ ಹೋಯಿತು.

"ಅಯ್ಯೋ, ಇಷ್ಟೂ ಯಾರು ಒರೆಸೋದು?"

ಚಿಕ್ಕವನಿದ್ದಾಗ ನಾನು ಬರೀ ರಾಕ್ಷಸರನ್ನ ನೋಡಿದ್ದೆ. ಈಗ ಕಣ್ಣೆಲ್ಲ ಆ ಹೆಂಗಸಿನ ಮೇಲೆ. ಗಂಡ ಕೆಲಸಕ್ಕೆ ಬಾರದ ಯಂತ್ರ ಕಂಡುಹಿಡಿಯುತ್ತಾ ಊರೂರು ಸುತ್ತುತ್ತಾನೆ, ಗಲಾಟೆ ನಿಭಾಯಿಸೋದು ಇವಳು. ಗ್ರೆಮ್ಲಿನ್‌ಗಳೆಲ್ಲ ಕ್ರಿಸ್ ವಾಲಾಸ್ ತಂಡ ಮಾಡಿದ ಬೊಂಬೆಗಳು. ಆದರೆ ಹಿಟ್ಟು ಮೈಗೆ ಮೆತ್ತಿಕೊಂಡು ನಿಜವಾಗಿ ಅಲ್ಲೇ ಇವೆ. ಈಗಿನ ಗ್ರಾಫಿಕ್ಸ್‌ನಲ್ಲಿ ನನಗೆ ಆ ಭಾರ ಸಿಗುವುದಿಲ್ಲ.

ಈ ಸಿನಿಮಾ, ಅದೇ ವರ್ಷದ ಎರಡನೇ ಇಂಡಿಯಾನಾ ಜೋನ್ಸ್, ಎರಡರ ಮೇಲೂ ಅಮೆರಿಕದ ಅಪ್ಪ ಅಮ್ಮಂದಿರು ದೂರಿದ್ದಕ್ಕೇ 1984ರ ಜುಲೈನಲ್ಲಿ ಪಿಜಿ-13 ರೇಟಿಂಗ್ ಬಂತು, ಅಂದರೆ ಹದಿಮೂರರೊಳಗಿನ ಮಕ್ಕಳಿಗೆ ತೋರಿಸುವ ಮುನ್ನ ಅಪ್ಪ ಅಮ್ಮ ಯೋಚಿಸಿ ಅನ್ನುವ ಎಚ್ಚರಿಕೆ. ನನ್ನ ಮಗಳಿಗೆ ಎಂಟು.

ಅವಳು ಮಾತ್ರ ಕಿಲಕಿಲ ನಗುತ್ತಿದ್ದಳು. ಬೆವರಿದ್ದು ನಾನು, ಅದೂ ಆಮೇಲೆ. ಸಿನಿಮಾದ ಹುಡುಗನ ಗೆಳತಿ ಕೇಟ್ ತನಗೆ ಕ್ರಿಸ್‌ಮಸ್ ಯಾಕೆ ಇಷ್ಟವಿಲ್ಲ ಅಂತ ಹೇಳತೊಡಗಿದಳು. ಸಾಂಟಾ ವೇಷದಲ್ಲಿ ಚಿಮಣಿಯಿಂದ ಇಳಿಯಲು ಹೋದ ಅವಳಪ್ಪ ಅಲ್ಲೇ ಸಿಕ್ಕಿಕೊಂಡು ಸತ್ತಿದ್ದ. ಸಾಂಟಾ ಇಲ್ಲ ಅಂತ ಅವಳಿಗೆ ಗೊತ್ತಾಗಿದ್ದು ಹಾಗೆ. ಈ ದೃಶ್ಯ ನನಗೆ ಪೂರ್ತಿ ಮರೆತುಹೋಗಿತ್ತು. ಸ್ಟುಡಿಯೋದವರೂ ತೆಗೆಯಿರಿ ಅಂದಿದ್ದರಂತೆ, ಡಾಂಟೆ ಒಪ್ಪಲಿಲ್ಲ. ನಾನು ರಿಮೋಟ್‌ಗಾಗಿ ತಡಕಾಡಿದೆ. ಅದು ಅವರೆ ಸಿಪ್ಪೆಯ ರಾಶಿಯ ಕೆಳಗಿತ್ತು.

ಮಗಳು ನನ್ನ ಮುಖ ನೋಡಿದಳು.

"ಅಪ್ಪಾ, ನಮ್ ಸ್ಕೂಲ್ ಸಾಂಟಾ ಪಿ.ಟಿ. ಸರ್. ಹೋದ ವರ್ಷವೇ ಶೂ ನೋಡಿ ಗೊತ್ತಾಯ್ತು. ನೀನು ಪಕ್ಕಕ್ಕೆ ಸರಿ, ಕಾಣ್ತಿಲ್ಲ."