ಟೊಳ್ಳು ಮರಗಳ ನಡುವೆ ಒಂದು ಮಧ್ಯಾಹ್ನ

ಸಾಗರದ ಬಡಗಿಯ ಮಗನಾದ ನಾನು ಓದುಬರಹಕ್ಕಿಂತ ಮೊದಲು ಕಲಿತದ್ದು ದಿಮ್ಮಿಯನ್ನು ತಟ್ಟಿ ನೋಡುವುದನ್ನು. ಮರದ ಡಿಪೋಗೆ ಹೋದಾಗ ತಂದೆಯವರು ಕೊಡಲಿಯ ಹಿಂಬದಿಯಿಂದ ದಿಮ್ಮಿಗಳನ್ನು ಒಂದೊಂದಾಗಿ ಬಡಿಯುತ್ತ, ಟೊಳ್ಳು ದನಿ ಕೇಳಿದೊಡನೆ "ಗೆದ್ದಲು ಹೊಕ್ಕಿದೆ" ಎಂದು ಮುಂದಕ್ಕೆ ಸಾಗುತ್ತಿದ್ದರು. ಮಗಳ ಮನೆಗೆಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿದ್ದಾಗ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಅಂಥ 200 ಟೊಳ್ಳು ಮರಗಳು ಎದ್ದುನಿಂತಿರುವುದನ್ನು ಕಂಡೆ.

'ಅಬೊರಿಜಿನಲ್ ಮೆಮೊರಿಯಲ್' ಎಂಬ ಈ ಕೃತಿಯನ್ನು ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನ ರಾಮಿಂಗಿನಿಂಗ್ ಮತ್ತು ಅದರ ಸುತ್ತಲಿನ 43 ಕಲಾವಿದರು 1987-88ರಲ್ಲಿ ರೂಪಿಸಿದರು. 1788ರಲ್ಲಿ ಬ್ರಿಟಿಷರು ಬಂದು ನೆಲೆಸಿದ್ದರ ಇನ್ನೂರನೆಯ ವರ್ಷವನ್ನು ದೇಶವು ಸಂಭ್ರಮದಿಂದ ಆಚರಿಸಲು ಅಣಿಯಾಗುತ್ತಿದ್ದಾಗ, ಅಲ್ಲಿ ಕಲಾ ಸಲಹೆಗಾರರಾಗಿದ್ದ ಜಾನ್ ಮುಂಡೈನ್ ಅವರ ಆಲೋಚನೆಯಂತೆ, ತಮ್ಮ ನೆಲವನ್ನು ಉಳಿಸಿಕೊಳ್ಳಲು ಹೋಗಿ ಮಡಿದ ಮೂಲನಿವಾಸಿಗಳಿಗಾಗಿ ವರ್ಷಕ್ಕೊಂದರಂತೆ ಈ ಮರದ ಶವಪೆಟ್ಟಿಗೆಗಳು ಸಿದ್ಧವಾದವು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ನಮ್ಮ ಗಾದೆ ಆಗ ನೆನಪಾಗದೆ ಇರಲಿಲ್ಲ.

ಬಡಗಿಯ ಕಣ್ಣಿಗೆ ಮೊದಲು ನಿರಾಸೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಉಳಿಯ ಕುಸುರಿಯನ್ನು ಹುಡುಕುತ್ತಿದ್ದ ನನಗೆ ಅದು ಅಷ್ಟಾಗಿ ಸಿಗಲಿಲ್ಲ. ಇಲ್ಲಿ ಮರದ ಒಡಲನ್ನು ಕೊರೆದದ್ದು ಉಳಿಯಲ್ಲ, ಗೆದ್ದಲು. ನಾವು ನೀಲಗಿರಿ ಎನ್ನುವ ಮರದ ಬಳಗಕ್ಕೇ ಸೇರಿದ ಸ್ಟ್ರಿಂಗಿಬಾರ್ಕ್ ಮರದ ತಿರುಳನ್ನು ಗೆದ್ದಲು ತಿಂದು ಮುಗಿಸಿದ ಮೇಲೆ, ಟೊಳ್ಳಾದ ಮರವನ್ನೇ ಆರಿಸಿ ಕಡಿದು, ತೊಗಟೆ ಸುಲಿದು, ಕೆಮ್ಮಣ್ಣು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲುಗಳಿಂದ ತಮ್ಮ ಕುಲದ ಚಿತ್ರಗಳನ್ನು ಬರೆಯುತ್ತಾರೆ. ಸತ್ತವರ ಮೂಳೆಗಳನ್ನು, ಸಾವಿನ ನಂತರ ಬಹುಕಾಲ ಕಳೆದ ಮೇಲೆ, ಇಂಥ ಮರದೊಳಗೆ ಇರಿಸುವುದು ಅಲ್ಲಿಯ ಸಂಪ್ರದಾಯ. ಈ ಇನ್ನೂರರಲ್ಲಿ ಮೂಳೆಗಳಿಲ್ಲ. ಹಲವು ಕಂಬಗಳಲ್ಲಿ ತುದಿಯ ಹತ್ತಿರ ಒಂದು ಸಣ್ಣ ಕಿಂಡಿಯಿದೆ. ಒಳಗಿನ ಜೀವವು ತನ್ನ ನೆಲವನ್ನು ನೋಡಲೆಂದು ಅದನ್ನು ಬಿಟ್ಟಿರುತ್ತಾರಂತೆ.

ಕಲಾವಿದರಲ್ಲಿ ಡೇವಿಡ್ ಮಲಾಂಗಿಯವರೂ ಇದ್ದರು. 1966ರ ಒಂದು ಡಾಲರ್ ನೋಟಿನ ಮೇಲೆ ಅವರ ಚಿತ್ರವನ್ನು ಅವರನ್ನು ಕೇಳದೆಯೇ ಅಚ್ಚು ಹಾಕಲಾಗಿತ್ತು ಎಂಬುದನ್ನು ಮಗಳು ಹೇಳಿದಳು.

ಕಂಬಗಳ ನಡುವಿನ ಹಾದಿ ಆ ಕಲಾವಿದರ ನಾಡಿನ ಗ್ಲೈಡ್ ನದಿಯ ಹರಿವಿನಂತೆ ಬಳುಕಿದೆ. ನದಿಯ ಯಾವ ದಡದಲ್ಲಿ, ಯಾವ ಎಡೆಯಲ್ಲಿ ಯಾವ ಕುಲದ ನೆಲವಿದೆಯೋ ಆ ಕುಲದವರ ಕಂಬಗಳು ಅಲ್ಲಲ್ಲೇ ನಿಂತಿವೆ. ಕೆಲವು ನನಗಿಂತ ಬಹಳ ಎತ್ತರ, ಕೆಲವು ಮಗುವಿನಷ್ಟು ಗಿಡ್ಡ. ಅಂಥದೊಂದು ಗಿಡ್ಡ ಕಂಬದ ಮುಂದೆ ಬಗ್ಗಿದಾಗ ನನಗರಿವಿಲ್ಲದೆಯೇ ಬೆರಳು ಮಡಚಿ ಕೈ ಮುಂದಾಯಿತು.

"ಅಪ್ಪಯ್ಯ, ಮುಟ್ಟಬಾರದು" ಎಂದಳು ಮಗಳು.

ಕೈಯನ್ನು ಜೇಬಿಗೆ ಸೇರಿಸಿ, ನದಿಯ ಆ ತುದಿಯಿಂದ ಈ ತುದಿಗೆ ಮತ್ತೊಮ್ಮೆ ನಡೆದು ಬಂದೆ.